ಮಂಗಳವಾರ ಒಲ್ಲದ ಪ್ರಿಂಟರ್

2008-09ರ ಮಾತು. ಉಬುಂಟು ಲಿನಕ್ಸ್ ಬಳಸುತ್ತಿದ್ದ ಕೆಲವರಿಗೆ ಬ್ರದರ್ ಪ್ರಿಂಟರ್ ಆಗಾಗ ಕೈಕೊಡುತ್ತಿತ್ತು. ಓಪನ್ ಆಫೀಸ್‌ನಿಂದ ಪ್ರಿಂಟ್ ಕೊಟ್ಟರೆ ಹಾಳೆಯೇ ಹೊರಬರದು. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆದಾಗ ಪ್ರಿಂಟರ್ ಸೆಟ್ಟಿಂಗ್ ಅಳಿಸಿಹೋಗುವುದು ಹೊಸದೇನಲ್ಲ. ಹಾಗಾಗಿ ಇಂಥ ಕಡೆ ಮೊದಲ ಅನುಮಾನ ಅದರ ಮೇಲೇ. ಡ್ರೈವರ್ ಕಿತ್ತು ಮತ್ತೆ ಹಾಕಿದರೆ ಮರುದಿನ ಪ್ರಿಂಟ್ ಬರುತ್ತದೆ, ಸರಿಹೋಯಿತು ಎನಿಸುತ್ತದೆ. ವಾರ ಕಳೆದರೆ ಮತ್ತೆ ಅದೇ ಪಾಡು.

ಸುಳಿವು ಕೊಟ್ಟವರು ಬಳಕೆದಾರರೊಬ್ಬರ ಹೆಂಡತಿ. ಓಪನ್ ಆಫೀಸ್ ಮಂಗಳವಾರ ಪ್ರಿಂಟ್ ಮಾಡುವುದೇ ಇಲ್ಲ ಎಂದರು. ಪ್ರಿಂಟರಿಗೇನು ಪಂಚಾಂಗ ಗೊತ್ತೇ? ಆದರೆ ಆಕೆ ಮಾಡಿಯೇ ತೋರಿಸಿದರು.

ಆಮೇಲೆ ಹುಡುಕಾಟ ಸರಿದಾರಿ ಹಿಡಿಯಿತು. ಓಪನ್ ಆಫೀಸ್ ಪ್ರಿಂಟರಿಗೆ ಕಳಿಸುವ ಪೋಸ್ಟ್‌ಸ್ಕ್ರಿಪ್ಟ್ ಕಡತದ ಆರಂಭದಲ್ಲಿ ಅದು ತಯಾರಾದ ದಿನಾಂಕವಿರುತ್ತದೆ. ಮಂಗಳವಾರವಾದರೆ ಅಲ್ಲಿ ‘ಟ್ಯೂ’ ಎಂಬ ಮೂರಕ್ಷರದ ಇಂಗ್ಲಿಷ್ ಸಂಕ್ಷೇಪ. ಅದನ್ನು ಬೇರೆ ವಾರಕ್ಕೆ ತಿದ್ದಿದರೆ ಅದೇ ಕಡತ ಸಲೀಸಾಗಿ ಪ್ರಿಂಟಾಯಿತು!

ಬ್ರದರ್‌ನ ಡ್ರೈವರ್ ತನಗೆ ಬಂದದ್ದು ಪೋಸ್ಟ್‌ಸ್ಕ್ರಿಪ್ಟ್ ಹೌದೋ ಅಲ್ಲವೋ ಎಂದು ‘ಫೈಲ್’ ಎಂಬ ಯೂನಿಕ್ಸ್ ಉಪಕರಣವನ್ನು ಕೇಳುತ್ತಿತ್ತು. ಕಡತದ ಯಾವ ಜಾಗದಲ್ಲಿ ಯಾವ ಅಕ್ಷರಗಳಿವೆ ಎಂದು ನೋಡಿ ಅದರ ಜಾತಿ ಹೇಳುವುದು ಫೈಲ್‌ನ ಕೆಲಸ. ಅದರ ನಿಯಮಗಳಲ್ಲಿ ಒಂದು ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಎರ್ಲಾಂಗ್ ಭಾಷೆಯ ಹಳೆಯ ‘ಜಾಮ್’ ಕಡತಗಳಿಗೆ ಸೇರಿದ್ದು. 1991ರ ಜನವರಿ 22ರ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಸಮೇತ ಇದ್ದರೆ ಅದು ಎರ್ಲಾಂಗ್ ಎಂಬುದು ನಿಯಮದ ಉದ್ದೇಶ. ಆ ದಿನ ಮಂಗಳವಾರ. ನಿಯಮ ಬರೆಯುವಾಗ ಪದಗಳ ನಡುವಿನ ಖಾಲಿ ಜಾಗಕ್ಕೆ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕಿರಲಿಲ್ಲ. ಹಾಗಾಗಿ ಫೈಲ್ ಖಾಲಿ ಜಾಗವನ್ನೇ ಕೊನೆಯೆಂದು ತಿಳಿದು ಮೊದಲ ಪದಕ್ಕೇ ನಿಂತುಬಿಡುತ್ತಿತ್ತು. ಸರಿಯಾದ ಜಾಗದಲ್ಲಿ ‘ಟ್ಯೂ’ ಕಂಡರೆ ಸಾಕು, ಎರ್ಲಾಂಗ್ ಎಂದು ತೀರ್ಪು ಕೊಡುತ್ತಿತ್ತು. ಓಪನ್ ಆಫೀಸ್ ಕಡತದಲ್ಲಿ ವಾರದ ಹೆಸರು ಬೀಳುತ್ತಿದ್ದುದು ಕರಾರುವಾಕ್ಕಾಗಿ ಆ ಜಾಗದಲ್ಲೇ. ತನ್ನದಲ್ಲದ ಕಡತವೆಂದು ಡ್ರೈವರ್ ಅದನ್ನು ಪ್ರಿಂಟರಿನವರೆಗೆ ಬಿಡುತ್ತಿರಲಿಲ್ಲ.

ಚಿಕಿತ್ಸೆ ಚಿಕ್ಕದು: ಆ ನಿಯಮದ ಖಾಲಿ ಜಾಗಗಳಿಗೆ ಬ್ಯಾಕ್‌ಸ್ಲ್ಯಾಶ್ ಸೇರಿಸುವುದು. ಪ್ರಿಂಟರನ್ನಾಗಲಿ, ಸೆಟ್ಟಿಂಗನ್ನಾಗಲಿ, ಓಪನ್ ಆಫೀಸನ್ನಾಗಲಿ ಮುಟ್ಟಬೇಕಾಗಿಯೇ ಇರಲಿಲ್ಲ.