ಮೌಸ್ ಹಿಡಿದ ಕೈಯಲ್ಲಿ ಹೆಬ್ಬೆರಳ ಪಾಡು

ಚಿಕ್ಕಬಳ್ಳಾಪುರದಲ್ಲೋ ಗೌರಿಬಿದನೂರಿನಲ್ಲೋ ಪಹಣಿಗಾಗಿ ಸೇವಾ ಕೇಂದ್ರದ ಸರತಿಯಲ್ಲಿ ನಿಂತಾಗ ಆಪರೇಟರ್ ಕೈಯಲ್ಲಿರುವ ಮೌಸನ್ನು ಒಮ್ಮೆ ಗಮನಿಸಿ. ಹಳೆಯದಾಗಿದ್ದರೆ ಅದರ ಎಡಮಗ್ಗುಲು ಒಂದೇ ಕಡೆ ತಿಕ್ಕಿ ತಿಕ್ಕಿ ನುಣುಪಾಗಿ ಹೊಳೆಯುತ್ತಿರುತ್ತದೆ. ಸುತ್ತ ಬೆವರು, ಧೂಳು ಸೇರಿದ ಜಿಡ್ಡು. ಅದು ಹೆಬ್ಬೆರಳ ಜಾಗ. ಗುಂಡಿ ಒತ್ತುವುದು ತೋರುಬೆರಳು, ನಡುಬೆರಳು. ಹೆಬ್ಬೆರಳಿಗೆ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ, ಆದರೂ ಸವೆತವೆಲ್ಲ ಅದರ ಪಾಲಿಗೆ.

ಕಾರಣ ಮೇಜಿನ ಮೇಲೇ ಇದೆ. ಒಂದು ಪಕ್ಕ ಪ್ರಿಂಟರ್, ಇನ್ನೊಂದು ಪಕ್ಕ ಅರ್ಜಿಗಳ ಕಟ್ಟು, ನಡುವೆ ಮೌಸ್ ಪ್ಯಾಡಿನ ಬದಲು ಹಳೆ ಕ್ಯಾಲೆಂಡರಿನ ರಟ್ಟು. ಬಾಣದ ಗುರುತು ಪರದೆಯ ಆ ತುದಿ ಮುಟ್ಟುವಷ್ಟರಲ್ಲಿ ರಟ್ಟು ಮುಗಿದಿರುತ್ತದೆ. ಆಗ ಹೆಬ್ಬೆರಳು, ಕಿರುಬೆರಳ ನಡುವೆ ಮೌಸನ್ನು ಚಿವುಟಿ ಎತ್ತಿ, ಹಿಂದಕ್ಕಿಟ್ಟು, ಮತ್ತೆ ಎಳೆಯಬೇಕು. ನೂರು ಗ್ರಾಂ ಆಸುಪಾಸಿನ ವಸ್ತು, ಏನು ಮಹಾ ಭಾರ ಅನ್ನಿಸಬಹುದು. ಆದರೆ ಹೆಬ್ಬೆರಳ ತುದಿಯ ಒತ್ತಡ ತುದಿಯಲ್ಲೇ ನಿಲ್ಲುವುದಿಲ್ಲ. ತುದಿಯಲ್ಲಿ ಒಂದು ಕಿಲೋ ಬಲದಿಂದ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಬೀಳುತ್ತದೆಂದು ಸಂಶೋಧಕರಾದ ಕೂನಿ ಮತ್ತು ಚಾವೊ 1977ರಲ್ಲೇ ಲೆಕ್ಕ ಹಾಕಿದ್ದರು. ಮೌಸ್ ಎತ್ತಲು ಅಷ್ಟು ಬಲ ಬೇಡ, ನಿಜ. ಬೆಳಗ್ಗೆಯಿಂದ ಸಂಜೆವರೆಗೆ ಎಷ್ಟು ಸಲ ಎತ್ತುತ್ತೇವೆ ಎಂಬುದೇ ಪ್ರಶ್ನೆ.

ಹೆಬ್ಬೆರಳನ್ನು ಹೊರಕ್ಕೆ ಚಾಚುವ, ಮೇಲಕ್ಕೆತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಇಕ್ಕಟ್ಟಾದ ಒಂದೇ ಒರೆಯೊಳಗೆ ಹಾಯುತ್ತವೆ. ಒರೆ ದಪ್ಪವಾಗಿ ಬಿಗಿದರೆ ಬೆರಳು ಆಡಿಸಿದಾಗಲೆಲ್ಲ ಚಳಕು. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದರು. ಬೇನೆಗೆ ಅವರದೇ ಹೆಸರು. ಕಂಪ್ಯೂಟರ್ ಹುಟ್ಟುವ ಎಷ್ಟೋ ಮುಂಚಿನ ಮಾತಿದು. ಕೂಸನ್ನು ಎತ್ತಿ ಎತ್ತಿ ಬಾಣಂತಿಯರಿಗೂ ಬರುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿದಾಗ ಮಣಿಕಟ್ಟಿನ ಮೇಲೆ ಚುಚ್ಚಿದಂತಾದರೆ ಮೂಳೆ ಡಾಕ್ಟರನ್ನು ಕಾಣುವುದು ಒಳ್ಳೆಯದು.

ನಮ್ಮ ಕಡೆಯ ಕೈಗಳಿಗೆ ಇನ್ನೊಂದು ಕತೆಯಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರು ಬಿಸಿನೀರಲ್ಲಿ ತೇಲುವ ಗೂಡಿನ ಎಳೆಯನ್ನು ಹೆಬ್ಬೆರಳು, ತೋರುಬೆರಳ ತುದಿಯಿಂದ ಹಿಡಿದು ಓಡುವ ನೂಲಿಗೆ ಸೇರಿಸುತ್ತಾರೆ. ಎಳೆ ತುಂಡಾದಷ್ಟು ಸಲವೂ ಇದೇ. ರೇಷ್ಮೆ ಬೆಳೆಯುವ ಮನೆಯ ಹುಡುಗಿ ಕಂಪ್ಯೂಟರ್ ಕಲಿತು ಸೇವಾ ಕೇಂದ್ರ ಸೇರಿದರೂ ಹುಳು ಚಂದ್ರಿಕೆಯ ತಟ್ಟೆಯಲ್ಲಿ ಗೂಡು ಕಟ್ಟಿ ಮುಗಿಸಿದ ಮೇಲೆ ಗೂಡು ಬಿಡಿಸಲು ಕೂರಲೇಬೇಕು. ಚಿಕ್ಕಬಳ್ಳಾಪುರದ ಹೂವು, ಚಿಂತಾಮಣಿಯ ಟೊಮ್ಯಾಟೊ ಬಿಡಿಸುವುದೂ ಇದೇ ಬೆರಳ ಕೆಲಸ. ಸಾಲದ್ದಕ್ಕೆ ಮೊಬೈಲ್. ಮೌಸ್ ತಯಾರಕರ ಲೆಕ್ಕದಲ್ಲಿ ಆಫೀಸಿಗೆ ಬರುವ ಬೆರಳು ಬಿಡುವಾಗಿರುತ್ತದೆ. ನಮ್ಮಲ್ಲಿ ಅದು ಆಗಲೇ ಅರ್ಧ ದಿನ ದುಡಿದಿರುತ್ತದೆ.

ಡಗ್ಲಾಸ್ ಎಂಗಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ತಯಾರಿಸಿದ ಮೊದಲ ಮೌಸ್ ಎರಡು ಚಕ್ರಗಳ ಮರದ ಡಬ್ಬಿ. ಹೆಬ್ಬೆರಳ ಯೋಚನೆ ಬಂದದ್ದು ಆಮೇಲೆ. ಕೆಲವು ಮೌಸ್‌ಗಳ ಎಡಕ್ಕೆ ಬೆರಳು ಒರಗಲು ರೆಕ್ಕೆಯಂಥ ಆಸರೆ ಬಂತು. ಇದು ನಿಜಕ್ಕೂ ಉಪಕಾರಿ. ಕೈಕುಲುಕುವ ಭಂಗಿಯಲ್ಲಿ ಹಿಡಿಯುವ ನಿಂತ ಮೌಸ್ ಮುಂಗೈ ತಿರುಚುವುದನ್ನು ತಪ್ಪಿಸುತ್ತದೆ, ಆದರೆ ಕ್ಲಿಕ್ ಒತ್ತಿದಾಗಲೆಲ್ಲ ಅದು ಪಕ್ಕಕ್ಕೆ ಜಾರದಂತೆ ಎದುರು ಬದಿಯಿಂದ ಹೆಬ್ಬೆರಳೇ ತಡೆಯಬೇಕು. ಲಾಜಿಟೆಕ್ 2010ರಲ್ಲಿ ತಂದ ಎಂ570ರಂಥ ಟ್ರ್ಯಾಕ್‌ಬಾಲ್‌ಗಳಲ್ಲಿ ಮೌಸ್ ಕದಲುವುದೇ ಇಲ್ಲ, ಹೆಬ್ಬೆರಳು ಗೋಲಿ ಉರುಳಿಸಿದರೆ ಸಾಕು. ಇಕ್ಕಟ್ಟಿನ ಮೇಜಿಗೆ, ಭುಜ ನೋಯುವವರಿಗೆ ಸರಿ. ಹೆಬ್ಬೆರಳೇ ನೋಯುವವರಿಗೆ ಅದನ್ನು ಕೊಡಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ: ಇಡೀ ಕೈ ಮಾಡುತ್ತಿದ್ದ ಕೆಲಸ ಒಂದೇ ಬೆರಳಿಗೆ ಬಿತ್ತು. ಅವರಿಗೆ ಗೋಲಿ ನಡುವಿನಲ್ಲಿದ್ದು ತೋರುಬೆರಳು, ನಡುಬೆರಳಲ್ಲಿ ಆಡಿಸುವ ಬಗೆಯೇ ವಾಸಿ.

ಅಂಗಡಿಯಲ್ಲಿ ಈ ಮಾತೇ ಬರುವುದಿಲ್ಲ.

“ಅಣ್ಣಾ, ಒಂದು ಮೌಸ್ ಕೊಡಿ.”

“ವೈರಿಂದಾ, ವೈರ್‌ಲೆಸ್ಸಾ ಮೇಡಂ?”

ಮುಗಿಯಿತು. ಚಪ್ಪಲಿಗೆ ಕಾಲಿನ ಅಳತೆ ಕೇಳುವ ಊರಲ್ಲಿ ಮೌಸ್‌ಗೆ ಕೈಯ ಅಳತೆ ಕೇಳುವವರಿಲ್ಲ. ಅಳತೆಗಳೇ ಇಲ್ಲವೆಂದಲ್ಲ, ದೇಬ್‌ಕುಮಾರ್ ಚಕ್ರವರ್ತಿ ಭಾರತೀಯರ ಮೈಕೈ ಅಳತೆಗಳನ್ನು ವಿನ್ಯಾಸಕಾರರಿಗಾಗಿ ಕಲೆಹಾಕಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಹೊರತಂದಿದೆ. ಪುಸ್ತಕ ಸಿಗದಿದ್ದರೂ ಚಿಂತೆಯಿಲ್ಲ, ಡಬ್ಬಿ ಬಿಚ್ಚಿಸಿ ಹಿಡಿದು ನೋಡಿ. ಅಂಗೈ ಮೌಸ್ ಬೆನ್ನಿಗೆ ತಾಗಬೇಕು, ಹೆಬ್ಬೆರಳು ಹಿಗ್ಗದೆ, ಒಳಕ್ಕೆ ಮಡಚದೆ ಪಕ್ಕಕ್ಕೆ ಒರಗಬೇಕು. ಲ್ಯಾಪ್‌ಟಾಪಿಗೆಂದು ಮಾರುವ ಪುಟಾಣಿ ಮೌಸ್ ನೋಡಲು ಮುದ್ದು. ಅದನ್ನು ದಿನವಿಡೀ ಬೆರಳ ತುದಿಯಲ್ಲೇ ಚಿವುಟಿ ಹಿಡಿಯಬೇಕಾಗುತ್ತದೆ.

ದುಡ್ಡು ಖರ್ಚಾಗದ ಉಪಾಯವೂ ಉಂಟು. ಸೆಟ್ಟಿಂಗ್ಸ್‌ನಲ್ಲಿ ಪಾಯಿಂಟರ್ ವೇಗ ಹೆಚ್ಚಿಸಿದರೆ ಸಣ್ಣ ಚಲನೆಗೇ ಬಾಣ ಪರದೆ ದಾಟುತ್ತದೆ, ಎತ್ತಿಡುವ ಕಾಟ ತಪ್ಪುತ್ತದೆ. ಒಂದೆರಡು ದಿನ ಗುರಿ ತಪ್ಪೀತು, ಆಮೇಲೆ ಕೈ ಹಿಡಿತಕ್ಕೆ ಬರುತ್ತದೆ. ಅದೇ ಸೆಟ್ಟಿಂಗ್ಸ್‌ನಲ್ಲಿ ಎಡ-ಬಲ ಗುಂಡಿಗಳನ್ನು ಅದಲುಬದಲು ಮಾಡಿ ಕೈ ಬದಲಿಸಲೂಬಹುದು. ಆದರೆ ಬಲಗೈಗೆಂದೇ ರೆಕ್ಕೆ ಇಟ್ಟ ದುಬಾರಿ ಮೌಸ್ ಎಡಗೈಗೆ ಕೂರುವುದಿಲ್ಲ. ಇಬ್ಬರು ಮೂವರು ಸರದಿಯಲ್ಲಿ ಕೂರುವ ಸೇವಾ ಕೇಂದ್ರಕ್ಕೆ ಎರಡೂ ಮಗ್ಗುಲು ಒಂದೇ ಸಮನಾಗಿರುವ, ಅಂಗೈ ತುಂಬುವ ಸಾದಾ ಮೌಸೇ ಲೇಸು.