ಗರ್ಭಕೋಶದ ನಾರುಗಡ್ಡೆ: ಚಿಕಿತ್ಸೆಗೆ ಹಲವು ದಾರಿ

ಗರ್ಭಕೋಶದಲ್ಲಿ ಗಡ್ಡೆಯಿದೆಯೆಂದು ತಿಳಿದೊಡನೆ, ‘ಇದು ಕ್ಯಾನ್ಸರ್ ಇರಬಹುದೇ? ಗರ್ಭಕೋಶವನ್ನೇ ತೆಗೆಸಬೇಕೇ?’ ಎಂಬ ಭೀತಿ ದಂಪತಿಗಳನ್ನು ಕಾಡುತ್ತದೆ. ಫೈಬ್ರಾಯ್ಡ್ ಎಂದು ಕರೆಯಲ್ಪಡುವ ಈ ನಾರುಗಡ್ಡೆಯು ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವಂಥದು. ಇದು ಕ್ಯಾನ್ಸರ್ ಅಲ್ಲ.

ತೊಂದರೆ ಕೊಡದ ಸಣ್ಣ ಗಡ್ಡೆಗೆ ಚಿಕಿತ್ಸೆ ಬೇಕಿಲ್ಲ. ಆಗಾಗ ಪರೀಕ್ಷಿಸಿಕೊಂಡರೆ ಸಾಕು. ಮುಟ್ಟು ನಿಂತ ಬಳಿಕ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಆದರೆ ಅತಿಯಾದ ಸ್ರಾವವನ್ನು ‘ಹೆಂಗಸರಿಗೆ ಸಹಜ’ವೆಂದು ಕಡೆಗಣಿಸಬಾರದು. ತೋಟದಲ್ಲಿ ಅಡಿಕೆ ಹೆಕ್ಕುವಾಗ, ಗುಡ್ಡ ಹತ್ತುವಾಗ ಏದುಸಿರು, ತಲೆಸುತ್ತು ಬಂದರೆ ರಕ್ತಹೀನತೆಯಿರಬಹುದು. ಈಶ್ವರಮಂಗಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ವೈದ್ಯರು ಹೇಳಿದಷ್ಟು ಕಾಲ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು. ಗಡ್ಡೆಯ ಗಾತ್ರ, ಸ್ಥಾನಗಳು ಸ್ಕ್ಯಾನಿಂಗ್‌ನಿಂದ ತಿಳಿಯುತ್ತವೆ.

ಚಿಕಿತ್ಸೆಯ ಕ್ರಮಗಳು ಹೀಗಿವೆ:

1. ಔಷಧಿ: ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯು ಸ್ರಾವವನ್ನು ತಗ್ಗಿಸುತ್ತದೆ. ಹಾರ್ಮೋನುಳ್ಳ ವಂಕಿಯು ಸ್ರಾವವನ್ನು ಕಡಿಮೆ ಮಾಡುವುದಲ್ಲದೆ ಗರ್ಭಧಾರಣೆಯನ್ನೂ ತಡೆಯುತ್ತದೆ.

2. ಗಡ್ಡೆಯನ್ನು ಮಾತ್ರ ತೆಗೆಯುವ ಶಸ್ತ್ರಕ್ರಿಯೆ: ಗರ್ಭಕೋಶ ಉಳಿಯುತ್ತದೆ, ಮಕ್ಕಳು ಬೇಕೆನ್ನುವವರಿಗೆ ಇದು ಸೂಕ್ತ. ಗಡ್ಡೆ ಪುನಃ ಬರಲೂಬಹುದು.

3. ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚಿ ಅದನ್ನು ಕುಗ್ಗಿಸುವುದು: ಈ ಸೌಲಭ್ಯ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಉಂಟು.

4. ಗರ್ಭಕೋಶವನ್ನೇ ತೆಗೆಯುವುದು: ಗಡ್ಡೆ ಮರುಕಳಿಸದು, ಆದರೆ ಮುಂದೆ ಮಗುವಾಗದು. ಉಳಿದ ಕ್ರಮಗಳು ಫಲಿಸದಾಗ ಇದು ಯೋಗ್ಯ.

ಭೀತಿಗೊಳಗಾಗಿ ಆತುರಪಟ್ಟವರ ಪಾಡು ನಮ್ಮ ರಾಜ್ಯದಲ್ಲೇ ಕಂಡುಬಂದಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಅನೇಕ ಹೆಂಗಸರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದ ಸಂಗತಿ 2015ರಲ್ಲಿ ಬಯಲಾಯಿತು. ಅವರಲ್ಲಿ ಹಲವರು ನಲವತ್ತು ದಾಟದವರು. ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಆದುದರಿಂದ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಕೇಳಿರಿ: ‘ಬೇರೆ ಚಿಕಿತ್ಸೆ ಇಲ್ಲವೇ? ಅಂಡಾಶಯಗಳನ್ನೂ ತೆಗೆಯುವಿರಾ? ಏಕೆ?’ ಅಂಡಾಶಯಗಳನ್ನು ಬೇಗನೆ ಕಳೆದುಕೊಂಡರೆ ಮೂಳೆ ದುರ್ಬಲವಾಗುತ್ತದೆ. ಸಂಶಯವಿದ್ದಲ್ಲಿ ಮಂಗಳೂರಿನ ಸರಕಾರಿ ಲೇಡಿಗೋಷನ್ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬಹುದು. ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ತಡಮಾಡಬೇಡಿ.

ಪತಿಯಾದವರು ಆಸ್ಪತ್ರೆಯ ಹೊರಗೆ ಕಾಯದೆ ಪತ್ನಿಯೊಡನೆ ಒಳಗೆ ಬಂದು ವೈದ್ಯರ ಮಾತನ್ನು ಕೇಳಲಿ. ನಿರ್ಧಾರ ಮಾತ್ರ ಆಕೆಯದಾಗಿರಲಿ.