ಒಡೆದ ಗಣಿ ಯೂನಿಯನ್ನಿನ ಮತಲೆಕ್ಕ

ಇಪ್ಪತ್ತಾರೇ ಮತಗಳ ಅಂತರ. 1985ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಡರ್ಬಿಶೈರ್‌ನ ಕಲ್ಲಿದ್ದಲು ಕಾರ್ಮಿಕರು ರಾಷ್ಟ್ರೀಯ ಗಣಿ ಕಾರ್ಮಿಕರ ಒಕ್ಕೂಟದಿಂದ (ಎನ್‌ಯುಎಂ) ಹೊರಬೀಳಲು ಅಷ್ಟು ಸಾಕಾಯಿತು. ಪರ 1,286, ವಿರುದ್ಧ 1,260. ಪಕ್ಕದ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ: 17,750 ಮಂದಿ ಹೊರಹೋಗೋಣ ಎಂದರು, 6,792 ಮಂದಿ ಬೇಡ ಎಂದರು. ಡರ್ಹ್ಯಾಮ್‌ನ ಪುಟ್ಟ ಸಂಘವೊಂದು ಜೊತೆಗೂಡಿ, ಆ ವರ್ಷದ ಕೊನೆಗೆ 'ಯೂನಿಯನ್ ಆಫ್ ಡೆಮಾಕ್ರಟಿಕ್ ಮೈನ್‌ವರ್ಕರ್ಸ್' (ಯುಡಿಎಂ) ಹುಟ್ಟಿತು.

ನಾಟಿಂಗ್‌ಹ್ಯಾಮ್‌ಶೈರ್‌ನ ಅಂಕಿಗಳನ್ನು 1984ರ ಮಾರ್ಚ್‌ನವುಗಳ ಪಕ್ಕದಲ್ಲಿಟ್ಟು ನೋಡಿ. 20 ಗಣಿಗಳನ್ನು ಮುಚ್ಚಿ 20,000 ಕೆಲಸ ತೆಗೆಯುವ ಸರ್ಕಾರಿ ಯೋಜನೆಯ ವಿರುದ್ಧ ಮುಷ್ಕರ ಹೂಡಬೇಕೇ ಎಂದು ಕೇಳಿದಾಗ ಇಲ್ಲಿ 20,188 ಮಂದಿ ಬೇಡ ಎಂದರು, 7,285 ಮಂದಿ ಬೇಕು ಎಂದರು. ಅಂದರೆ ಬೇಡ ಎಂದವರು ಶೇ. 73.5. ಆದರೂ ಮುಷ್ಕರ ನಡೆಯಿತು. ಒಂದು ವರ್ಷದ ಹೊಡೆದಾಟ, ಬಂಧನ, ಮನೆಮನೆಯೊಳಗಿನ ಬಿರುಕು ಎಲ್ಲ ಮುಗಿದ ಮೇಲೂ ಹೊರಹೋಗುವವರ ಪಾಲು ಶೇ. 72.3. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಯೂನಿಯನ್ ಒಡೆದದ್ದು ಮುಷ್ಕರದ ಮೊದಲ ವಾರದಲ್ಲೇ. 1985ರಲ್ಲಿ ಆದದ್ದು ಅದರ ನೋಂದಣಿ ಅಷ್ಟೇ.

ಮುಷ್ಕರಕ್ಕೆ ಮೊದಲು ರಾಷ್ಟ್ರಮಟ್ಟದ ಮತದಾನ ನಡೆಯಲೇಬೇಕು ಎಂಬುದು ನಾಟಿಂಗ್‌ಹ್ಯಾಮ್‌ನವರ ಪಟ್ಟು. ಆರ್ಥರ್ ಸ್ಕಾರ್ಗಿಲ್ ನೇತೃತ್ವದ ಎನ್‌ಯುಎಂ ಮತದಾನ ನಡೆಸದೆಯೇ ಮುಷ್ಕರಕ್ಕಿಳಿಯಿತು. ಆದರೆ 1977ರ ಮತದಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉತ್ಪಾದನೆಗೆ ತಕ್ಕ ಬೋನಸ್ ಯೋಜನೆಯನ್ನು ಆಗ ದೇಶದ ಕಾರ್ಮಿಕರು ಮತ ಹಾಕಿ ತಿರಸ್ಕರಿಸಿದ್ದರು. ಆದರೂ ಪ್ರಾಂತೀಯ ಶಾಖೆಗಳು ಒಂದೊಂದಾಗಿ ಅದನ್ನು ಜಾರಿಗೆ ತಂದವು, ಕೋರ್ಟೂ ಅಡ್ಡ ಬರಲಿಲ್ಲ. ದಪ್ಪ ಪದರದ ಕಲ್ಲಿದ್ದಲಿದ್ದ ನಾಟಿಂಗ್‌ಹ್ಯಾಮ್‌ಶೈರ್‌ಗೆ ಅದರಿಂದ ಒಳ್ಳೆಯ ಗಳಿಕೆಯಾಯಿತು. ಮತಪೆಟ್ಟಿಗೆಯ ಮೇಲಿನ ಭಕ್ತಿ ಎರಡೂ ಕಡೆಯವರಿಗೆ ಅನುಕೂಲ ಕಂಡಾಗ ಮಾತ್ರ ಉಕ್ಕುತ್ತಿತ್ತು ಎಂದರೆ ತಪ್ಪಾಗದು. (ಈ ಜಿಲ್ಲೆಗೆ ಒಡಕು ಹೊಸತೂ ಅಲ್ಲ, 1926ರಲ್ಲಿ ಜಾರ್ಜ್ ಸ್ಪೆನ್ಸರ್ ಕಟ್ಟಿದ ಪ್ರತ್ಯೇಕ ಸಂಘ 1937ರವರೆಗೆ ನಡೆದಿತ್ತು.)

ಮುಷ್ಕರದ ನಡುವೆಯೂ ದುಡಿಯುತ್ತಲೇ ಇದ್ದ ನಾಟಿಂಗ್‌ಹ್ಯಾಮ್‌ಶೈರ್‌ನ ಬಹುಪಾಲು ಕಾರ್ಮಿಕರಿಗೆ ಸಿಕ್ಕ ಪ್ರತಿಫಲವೇನು? ಗಣಿಗಳನ್ನು ನಡೆಸುತ್ತಿದ್ದ ಸರ್ಕಾರಿ ಮಂಡಳಿ ಯುಡಿಎಂಗೆ ಮಾನ್ಯತೆ ಕೊಟ್ಟು ಕೂಲಿ ಮಾತುಕತೆಗೆ ಕೂತಿತು. ಆದರೆ 1992ರ ಅಕ್ಟೋಬರ್‌ನಲ್ಲಿ ಉಳಿದಿದ್ದ 50 ಗಣಿಗಳಲ್ಲಿ 31ನ್ನು ಮುಚ್ಚುವುದಾಗಿ ಸರ್ಕಾರ ಸಾರಿದಾಗ ನಾಟಿಂಗ್‌ಹ್ಯಾಮ್‌ಶೈರ್‌ನ ಗಣಿಗಳೂ ಪಟ್ಟಿಯಲ್ಲಿದ್ದವು. ಯುಡಿಎಂ ಅಧ್ಯಕ್ಷ ರಾಯ್ ಲಿಂಕ್ ಸಿಲ್ವರ್‌ಹಿಲ್ ಗಣಿಗಿಳಿದು ಧರಣಿ ಕೂತರು, ತಮಗೆ ಸಿಕ್ಕಿದ್ದ ಒಬಿಇ ಎಂಬ ಬ್ರಿಟಿಷ್ ಗೌರವವನ್ನೂ ಹಿಂದಿರುಗಿಸಿದರು. ಜಿಲ್ಲೆಯ ಕೊನೆಯ ಗಣಿ ಥೋರ್ಸ್‌ಬಿ 2015ರ ಜುಲೈನಲ್ಲಿ ಮುಚ್ಚಿತು. ಮುಷ್ಕರದ ಕೋಟೆಯಾಗಿದ್ದ ಯಾರ್ಕ್‌ಶೈರ್‌ನ ಕೆಲಿಂಗ್ಲಿ ಅದಕ್ಕಿಂತ ಐದು ತಿಂಗಳು ಹೆಚ್ಚು ನಡೆಯಿತು.